ಶಂಖದ ಹುಳು ಸಾಕಿದರೆ ಬಡತನ ಹೋಗ್ತದಾ?

ರೋಹಿಣಿ ಮಳೆ ನಾಲ್ಕು ದಿನ ಚೆನ್ನಾಗಿ ಹಿಡಿಯಿತು. ಶನಿವಾರಸಂತೆ, ಸೋಮವಾರಪೇಟೆ ಕಡೆ ತೋಟ ಇರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯೆಲ್ಲ ಮಣ್ಣೊಳಗೆ ಬಾಯಿ ಮುಚ್ಚಿಕೊಂಡು ಮಲಗಿದ್ದ ಶಂಖದ ಹುಳುಗಳು ಎದ್ದಿವೆ. ಕಾಫಿ ಗಿಡ, ಮೆಣಸಿನ ಬಳ್ಳಿ, ಪಪ್ಪಾಯಿ, ಬಾಳೆ ಕಂದು, ಯಾವುದನ್ನೂ ಬಿಡುತ್ತಿಲ್ಲ. ಈ ಸಲ ಬರೆಯುತ್ತಿರೋದು ಇದನ್ನು ಸಾಯಿಸುವ ಬಗ್ಗೆ ಮಾತ್ರ ಅಲ್ಲ, ಸಾಕುವ ಬಗ್ಗೆಯೂ. ನಗಬೇಡಿ, ಪೂರ್ತಿ ಓದಿ.

ನನ್ನ ಅಕ್ಕನ ಮಗ ಬೆಂಗಳೂರಿನ ಕೆಲಸ ಹೋಗಿ ಮೂರು ತಿಂಗಳಿಂದ ಊರಲ್ಲಿದ್ದಾನೆ. ಭಾವ ಇಲ್ಲ. ಅಕ್ಕನ ಕೈಲಿರೋದು ಅರ್ಧ ಎಕರೆ ಜಾಗ, ಮತ್ತೆ ಕೂಲಿ. ಮೊನ್ನೆ ಹುಡುಗ ಮೊಬೈಲ್ ಹಿಡ್ಕೊಂಡು ಬಂದ. "ಮಾವ, ಆಫ್ರಿಕಾದಲ್ಲಿ ಬಡವರು ಇದನ್ನೇ ಸಾಕಿ ಬದುಕು ಕಟ್ಕೊಂಡಿದಾರೆ. ನಮಗೆ ತೋಟದಲ್ಲೇ ಬಿಟ್ಟಿ ಸಿಗ್ತದೆ. ನಿಮ್ಮ ಹಳೇ ಶೆಡ್ ಕೊಡಿ ಸಾಕು." ಫೋನಿನಲ್ಲಿ ಪರಿಚಯವಾದ ಒಬ್ಬರು ತರಬೇತಿಗೆ, ಮರಿಗೆ ಅಂತ ಮುಂಗಡ ಕಟ್ಟಿ, ಬೆಳೆದ ಹುಳುವನ್ನು ನಾವೇ ಕೊಳ್ತೇವೆ ಅಂದಿದ್ದಾರಂತೆ. ಅದಕ್ಕೆ ಅಕ್ಕ ತನ್ನ ಸ್ವಸಹಾಯ ಸಂಘದಿಂದ 1 ಲಕ್ಷ ಎತ್ತುವ ಯೋಚನೆಯಲ್ಲಿದ್ದಾಳೆ. ಸಂಘದ ಸಾಲ ಅಂದ್ರೆ ಗೊತ್ತಲ್ಲ, ಒಬ್ಬಳು ಕಟ್ಟದಿದ್ದರೆ ಉಳಿದವರ ತಲೆ ಮೇಲೆ ಬರ್ತದೆ.

ಹುಡುಗ ಹೇಳಿದ್ದು ಸುಳ್ಳಲ್ಲ. ಘಾನಾ, ನೈಜೀರಿಯಾ, ಐವರಿ ಕೋಸ್ಟ್ ಕಡೆ ಬಸವನಹುಳು ಸಾಕುವುದು ನಿಜವಾದ ಕಸುಬು. ಮರದ ಪೆಟ್ಟಿಗೆ ಅಥವಾ ನೆಲದಲ್ಲಿ ತೋಡಿದ ಗುಂಡಿ, ಅದರಲ್ಲಿ ತೇವದ ಸಡಿಲ ಮಣ್ಣು, ಮೇಲೆ ಜಾಲರಿ. ಪಪ್ಪಾಯಿ ಎಲೆ, ಕೆಸುವಿನ ಜಾತಿಯ ಎಲೆ, ಹಣ್ಣಿನ ಸಿಪ್ಪೆ, ಇದೇ ಮೇವು. ಚಿಪ್ಪು ಗಟ್ಟಿಯಾಗಲು ಸುಣ್ಣದ ಅಂಶ ಬೇಕು, ಅದಕ್ಕೆ ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕ್ತಾರೆ. ಇರುವೆ ದೊಡ್ಡ ಶತ್ರು. ಹಾಗಾಗಿ ನಾವು ತಿಂಡಿ ಡಬ್ಬಿಯ ಕೆಳಗೆ ನೀರಿನ ತಟ್ಟೆ ಇಟ್ಟ ಹಾಗೆ ಪೆಟ್ಟಿಗೆಯ ಕಾಲುಗಳನ್ನು ನೀರು ಅಥವಾ ಎಣ್ಣೆಯ ಡಬ್ಬಿಯಲ್ಲಿ ನಿಲ್ಲಿಸ್ತಾರೆ. ಜಮೀನು ಇಲ್ಲದವರೂ ಮನೆ ಹಿತ್ತಲಲ್ಲಿ ಮಾಡಬಹುದು. ಸದ್ದಿಲ್ಲ, ಭಾರ ಎತ್ತುವ ಕೆಲಸವಿಲ್ಲ.

ಆದರೆ ಅಲ್ಲಿ ದುಡ್ಡು ಹುಟ್ಟುವುದು ಪೆಟ್ಟಿಗೆಯಿಂದಲ್ಲ, ತಿನ್ನುವವರಿಂದ. ನಮಗೆ ಕೋಳಿ, ಮೀನು ಹೇಗೋ ಅವರಿಗೆ ಇದು ಹಾಗೆ. ನೈಜೀರಿಯಾದಲ್ಲಿ ಖಾರ ಹಾಕಿ ಹುರಿದದ್ದನ್ನು 'ಪೆಪ್ಪರ್ಡ್ ಸ್ನೇಲ್' ಅಂತ ಹೋಟೆಲಿನಲ್ಲೂ ಮದುವೆಯಲ್ಲೂ ಬಡಿಸ್ತಾರೆ. ಮಳೆಗಾಲದಲ್ಲಿ ಕಾಡಿನಿಂದ ಆರಿಸಿ ತಂದದ್ದು ಸಂತೆಗೆ ಬರ್ತದೆ. ಒಣಗಾಲದಲ್ಲಿ ಕಾಡಿನದು ಸಿಗಲ್ಲ, ರೇಟು ಏರ್ತದೆ, ಆಗ ಸಾಕಿದವರಿಗೆ ನಾಲ್ಕು ಕಾಸು. ಕಾಡು ಕಡಿದು, ಬೆಂಕಿ ಹಾಕಿ, ಕಾಡಿನ ಹುಳು ಕಮ್ಮಿಯಾದ ಮೇಲೆ ಸಾಕಣೆಗೆ ಇನ್ನೂ ಬೆಲೆ ಬಂತು. ಅಂದರೆ ಗಿರಾಕಿ ಮೊದಲು ಇದ್ದ, ಸಾಕಣೆ ಆಮೇಲೆ ಬಂತು.

ಇನ್ನೊಂದು ವಿಷಯ, ಅವರು ಇಷ್ಟಪಟ್ಟು ಸಾಕುವುದು ಅಲ್ಲಿಯದೇ ಜಾತಿಗಳನ್ನು. ಒಂದು ಘಾನಾ ಕಡೆಯ ಹುಲಿಪಟ್ಟೆಯ ಅಕಟಿನಾ ಅಕಟಿನಾ. ಇನ್ನೊಂದು ಆರ್ಕಕಟಿನಾ ಮಾರ್ಜಿನೇಟಾ, ಅದು ಒಂದು ಸಲಕ್ಕೆ ಇಡುವುದು ಹತ್ತರ ಆಸುಪಾಸು ಮೊಟ್ಟೆ ಅಷ್ಟೆ. ನಮ್ಮ ತೋಟದಲ್ಲಿರೋದು ಅಕಟಿನಾ ಫುಲಿಕಾ. ಇದು ಪೂರ್ವ ಆಫ್ರಿಕಾದ್ದು. 1847ರಲ್ಲಿ ಬೆನ್ಸನ್ ಎಂಬ ಸಂಗ್ರಾಹಕ ಮಾರಿಷಸ್‌ನಿಂದ ತಂದು ಕಲ್ಕತ್ತಾದ ಒಂದು ತೋಟದಲ್ಲಿ ಬಿಟ್ಟಿದ್ದು, ದೇಶಕ್ಕೆ ಬಂದ ದಾರಿ ಅದು. ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿ. ಒಂದು ಸಲಕ್ಕೆ 100ರಿಂದ 400 ಮೊಟ್ಟೆ, ಅದೂ ವರ್ಷಕ್ಕೆ ಹಲವು ಸಲ. 1966ರಲ್ಲಿ ಅಮೆರಿಕದ ಮಯಾಮಿಯಲ್ಲಿ ಒಬ್ಬ ಹುಡುಗ ಹವಾಯಿಯಿಂದ ಮೂರು ಹುಳು ತಂದ. ಅಜ್ಜಿ ಅವನ್ನು ಹಿತ್ತಲಿಗೆ ಬಿಟ್ಟಳು. ಏಳು ವರ್ಷಕ್ಕೆ 18,000 ಆಗಿದ್ದವು. ನಿರ್ಮೂಲ ಮಾಡಲು ಸರ್ಕಾರಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು. ಮೂರೇ ಹುಳು! ನಮ್ಮ ಶೆಡ್ಡಿನ ಜಾಲರಿ ಒಂದು ಮಳೆಗಾಲ ಹರಿದರೆ ಏನಾಗಬಹುದು ಅಂತ ನೀವೇ ಲೆಕ್ಕ ಹಾಕಿ.

ಗದ್ದೆ ಇರುವವರು ಇದನ್ನು ಮುಖ್ಯವಾಗಿ ಓದಬೇಕು. 1980ರ ಸುಮಾರಿಗೆ ದಕ್ಷಿಣ ಅಮೆರಿಕದಿಂದ ತೈವಾನ್‌ಗೆ ಒಂದು ನೀರಿನ ಬಸವನಹುಳು ಬಂತು, ಗೋಲ್ಡನ್ ಆ್ಯಪಲ್ ಸ್ನೇಲ್ ಅಂತ. ಸಾಕಿ ಮಾರಿದರೆ ರೈತನಿಗೆ ಆದಾಯ, ಬಡವರಿಗೆ ಪೌಷ್ಟಿಕ ಆಹಾರ, ಇದೇ ಮಾತು ಆಗಲೂ. ಅಲ್ಲಿಂದ ಫಿಲಿಪೈನ್ಸ್‌ಗೂ ಹೋಯ್ತು. ಜನಕ್ಕೆ ರುಚಿ ಹಿಡಿಸಲಿಲ್ಲ, ಮಾರುಕಟ್ಟೆ ಬಿತ್ತು. ಸಾಕಿದವರು ಕೈಬಿಟ್ಟರು, ತಪ್ಪಿಸಿಕೊಂಡವು ಕಾಲುವೆ ಹಿಡಿದವು. ನಾಟಿ ಮಾಡಿದ ಎಳೇ ಭತ್ತವನ್ನು ರಾತ್ರೋರಾತ್ರಿ ತಿಂದು ಹಾಕುವ ದೊಡ್ಡ ಪೀಡೆ ಈಗ ಅದೇ. ಲಾಭ ಬಂದಿದ್ದರೆ ಸಾಕಿದವನಿಗೆ ಬರುತ್ತಿತ್ತು. ನಷ್ಟ ಮಾತ್ರ ಸಾಕದೇ ಇದ್ದ ಅಕ್ಕಪಕ್ಕದ ಗದ್ದೆಯವರಿಗೂ ಬಂತು.

ಇನ್ನು ವಾಪಸ್ ಕೊಳ್ಳುವ ಮಾತು. ವೆನಿಲಾ ಬಳ್ಳಿ ನಮ್ಮಲ್ಲಿ ಯಾರು ಹಾಕಿರಲಿಲ್ಲ? 2004ರ ನಂತರ ರೇಟು ಬಿದ್ದದ್ದೂ ನೆನಪಿದೆ. ಆದರೂ ವೆನಿಲಾಕ್ಕೆ ಲೋಕದಲ್ಲಿ ಗಿರಾಕಿ ಇದ್ದ. ಎಮು ಕಥೆ ಬೇರೆ. ಹಕ್ಕಿ ಕೊಟ್ಟವರೇ ಕೊಳ್ಳುವವರೂ ಆಗಿದ್ದರು. 2012ರಲ್ಲಿ ತಮಿಳುನಾಡಿನ ಪೆರುಂದುರೈ ಕಡೆ ಅದು ಕುಸಿದಾಗ ಹಕ್ಕಿಗಳಿಗೆ ಮೇವು ಹಾಕಲೂ ಗತಿಯಿರಲಿಲ್ಲ. ಮರಿ ಮಾರುವವನೇ ಕೊಳ್ಳುವವನೂ ಆದರೆ ಒಂದು ಪ್ರಶ್ನೆ ಕೇಳಿ: ನೀವು ಯಾರಿಗೆ ಮಾರ್ತೀರಿ, ಆ ಬಿಲ್ ತೋರಿಸಿ. ಹುಡುಗನಿಗೂ ಇದನ್ನೇ ಕೇಳಲು ಹೇಳಿದೆ. ಕೇಳಿದ. ಆ ಕಡೆಯಿಂದ ಬಿಲ್ ಬರಲಿಲ್ಲ, ಇನ್ನೊಂದು ವಿಡಿಯೋ ಬಂತು.

ನಮ್ಮ ದೇಶದಲ್ಲಿ ತಿನ್ನುವವರೇ ಇಲ್ಲ ಅಂತಲ್ಲ. ಬಂಗಾಳ, ಒಡಿಶಾ, ಮಣಿಪುರ, ನಾಗಾಲ್ಯಾಂಡ್ ಕಡೆ ಕೆರೆ-ಗದ್ದೆಯ ಬಸವನಹುಳು ಊಟದ ಭಾಗ. ನಮ್ಮ ಕರಾವಳಿಯವರು ಮರುವಾಯಿ ತಿನ್ನಲ್ವಾ? ತಿನ್ನುವುದರಲ್ಲಿ ಕೀಳೇನಿಲ್ಲ. ಆದರೆ ನಮ್ಮ ಸಂತೆಯಲ್ಲಿ ಶಂಖದ ಹುಳುವಿಗೆ ಗಿರಾಕಿ ಒಬ್ಬನೂ ಇಲ್ಲ.

ನಾನು ಇಷ್ಟೆಲ್ಲ ಹೇಳಿದ ಮೇಲೆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಿಮಗೆ ತೋಟ ಇದೆ ಮಾವ, ಬೇಡ ಅನ್ನೋದು ಸುಲಭ. ಅಮ್ಮನಿಗೆ ಏನಿದೆ?" ಅಂದ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಶೆಡ್ ಕೊಡಲ್ಲ ಅನ್ನೋದು ಒಂದು, ಅಕ್ಕ ಹೇಗೆ ಬದುಕಬೇಕು ಅನ್ನೋದು ಇನ್ನೊಂದು.

ಸದ್ಯಕ್ಕೆ ಕಂಡ ದಾರಿ ಇದು. ಹುಳು ಸಾಕಿ ಅಲ್ಲ, ಹಿಡಿದು ದುಡ್ಡು. ಅಕ್ಕ, ಹುಡುಗ, ಸಂಘದ ಇನ್ನೂ ಇಬ್ಬರು ಸಂಜೆ ಏಳರಿಂದ ಒಂಬತ್ತರವರೆಗೆ ನನ್ನ ತೋಟದಲ್ಲಿ ಹುಳು ಆರಿಸ್ತಾರೆ. ಕೆ.ಜಿ.ಗೆ 15 ರೂಪಾಯಿ ಕೊಡ್ತಿದ್ದೇನೆ. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ, ಕೋಸಿನ ಎಲೆ ಇಟ್ಟರೆ ಅಲ್ಲೇ ಸೇರ್ತವೆ, ಆರಿಸೋದು ಸುಲಭ. ಒಬ್ಬರಿಗೆ ದಿನಕ್ಕೆ 12-15 ಕೆ.ಜಿ. ಸಿಗ್ತಿದೆ. ಆದರೆ ಇದು ಮಳೆ ಇರುವ ಎರಡು-ಮೂರು ತಿಂಗಳ ಮಾತು, ವರ್ಷದ ಅನ್ನ ಅಲ್ಲ. ಅದನ್ನೂ ಅಕ್ಕನಿಗೆ ಹೇಳಿದ್ದೇನೆ. ಸಾಲದ ಅರ್ಜಿ ಅವಳು ಇನ್ನೂ ಹರಿದಿಲ್ಲ, ಕೊಟ್ಟೂ ಇಲ್ಲ.

ಆರಿಸುವವರು ಬರಿಗೈ ಹಾಕಬೇಡಿ, ಗ್ಲೌಸ್ ಬೇಕೇ ಬೇಕು. ಇಲಿಗಳಿಂದ ಬರುವ ಒಂದು ಜಾತಿಯ ಹುಳ ಇದರ ಮೈಯಲ್ಲಿ ಇರಬಹುದು, ಅದು ಮನುಷ್ಯರಿಗೆ ಸೇರಿದರೆ ಮೆದುಳಿನ ಪೊರೆಗೆ ಊತ ಬರ್ತದೆ. ಹುಳು ಹರಿದಾಡಿದ ಸೊಪ್ಪು-ತರಕಾರಿ ಚೆನ್ನಾಗಿ ತೊಳೆಯಿರಿ. ಹಿಡಿದದ್ದನ್ನು ಬಕೆಟ್ಟಿನ ಗಟ್ಟಿ ಉಪ್ಪುನೀರಿಗೆ ಹಾಕಿ ಸಾಯಿಸಿ, ಸುಣ್ಣ ಹಾಕಿ ಆಳಕ್ಕೆ ಹೂಳಿ. ಉಪ್ಪುನೀರು ಗಿಡದ ಬುಡಕ್ಕೆ ಸುರಿಯಬೇಡಿ. ಮೆಟಾಲ್ಡಿಹೈಡ್ ಗುಳಿಗೆ ಹಾಕುವವರು ನಾಯಿ, ಕೋಳಿ, ಬಾತು ಆ ಕಡೆ ಹೋಗದ ಹಾಗೆ ನೋಡ್ಕೊಳ್ಳಿ.

ಇನ್ನೊಂದು ಕೇಳಿಕೆ. ನನ್ನ ಬೇಲಿ ಒಳಗೆ ಎಷ್ಟು ಆರಿಸಿದರೂ ಪಕ್ಕದ ತೋಟದಿಂದ ಮತ್ತೆ ಬರ್ತವೆ. ನಾಲ್ಕೈದು ಜನ ಸೇರಿ ಒಂದೇ ರೇಟು ಇಟ್ಟು ಒಂದೇ ವಾರ ಆರಿಸಿದರೆ ನಮ್ಮ ಬೆಳೆಯೂ ಉಳೀತದೆ, ಆರಿಸುವವರಿಗೂ ನಾಲ್ಕು ದಿನದ ಬದಲು ಇಪ್ಪತ್ತು ದಿನ ಕೆಲಸ ಸಿಗ್ತದೆ. ಒಪ್ಪುವವರು ಕೆಳಗೆ ಊರಿನ ಹೆಸರು ಹಾಕಿ. ಆರಿದ್ರಾ ಮಳೆ ಬರೋದರೊಳಗೆ ಶುರು ಮಾಡೋಣ, ಮೊಟ್ಟೆ ಇಟ್ಟ ಮೇಲೆ ಆರಿಸಿ ಪ್ರಯೋಜನ ಕಮ್ಮಿ.