ಇಪ್ಪತ್ತು ಡಾಲರ್ ರಸೀದಿ

1/6

ಮೊದಲ ಸ್ಲೈಡ್‌ನಲ್ಲಿರೋದು ನಮ್ಮಜ್ಜಿಯ ಟ್ರ್ಯಾಕ್ಟರ್ ನೋಟು. ಹಳೇ ಐದು ರೂಪಾಯಿ. ಪಕ್ಕದಲ್ಲಿ ಘೇಂಡಾಮೃಗದ ಇಪ್ಪತ್ತೈದು ಪೈಸೆ ಎರಡು. ಅಜ್ಜಿ ಟ್ರಂಕಿನ ಅರಿಶಿನ ಕುಂಕುಮದ ಡಬ್ಬಿಯಲ್ಲಿ ಇದ್ದವು.

ಈ ಮೂರಕ್ಕೆ ಐದು ಲಕ್ಷ ಕೊಡ್ತೀವಿ ಅಂದ್ರು ಒಬ್ರು. ರೀಲ್ ನೋಡಿ ನಾನೇ ಮೆಸೇಜ್ ಮಾಡಿದ್ದೆ, ಅವ್ರಾಗೇ ಬಂದಿದ್ದಲ್ಲ. ಮೊದಲು ರಿಜಿಸ್ಟ್ರೇಷನ್ ಅಂತ 450 ರೂಪಾಯಿ. ಮಾರನೇ ದಿನ ಜಿಎಸ್‌ಟಿ ಅಂತ 1,400. ಜಿಎಸ್‌ಟಿ ಪೇಪರ್‌ನಲ್ಲಿ ಒಳ್ಳೇ ಮಾರ್ಕ್ಸ್ ತಗೊಂಡ ನಾನು, ಬಂದೇ ಇಲ್ಲದ ದುಡ್ಡಿಗೆ ಟ್ಯಾಕ್ಸ್ ಕಟ್ಟಿದೆ! ಮೂರನೇ ದಿನ ನಂಬರ್ ಸ್ವಿಚ್ ಆಫ್. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿತ್ತು: ಹಳೇ ನೋಟು ನಾಣ್ಯದ ವ್ಯವಹಾರ ನಾವು ಮಾಡಲ್ಲ, ಅದಕ್ಕೆ ಶುಲ್ಕ ಕಮಿಷನ್ ಏನೂ ಕೇಳಲ್ಲ, ನಮ್ಮ ಹೆಸರು ಹೇಳ್ಕೊಂಡು ಬರೋರನ್ನ ನಂಬಬೇಡಿ ಅಂತ. ನಾನು ಅದನ್ನ ಓದಿದ್ದು 1,850 ರೂಪಾಯಿ ಹೋದ ಮೇಲೆ.

ಎರಡು ದಿನ ಯಾರಿಗೂ ಹೇಳ್ಲಿಲ್ಲ. ಮೂರನೇ ರಾತ್ರಿ ಸಿಟ್ಟಿಗೆ ಕೂತು ಹುಡುಕಿದೆ: ಹಾಗಾದ್ರೆ ನಿಜವಾಗ್ಲೂ ಒಂದು ನಾಣ್ಯ ಕೋಟಿಗಟ್ಟಲೆಗೆ ಹೋಗೋದು ಎಲ್ಲಿ, ಹೇಗೆ? ಹುಡುಕಿದಲ್ಲೆಲ್ಲ ಅಮೆರಿಕದ ನಾಣ್ಯಗಳೇ ಸಿಕ್ಕವು. ಈ ವಾರದ ಲೆಕ್ಕದ ಪುಸ್ತಕ ಪೂರ್ತಿ ಅದೇ.

2/6

ಕನ್ಸೈನ್‌ಮೆಂಟ್ ಅಕೌಂಟ್ಸ್ ನೆನಪಿದ್ಯಾ? ಮಾಲು ಕಳಿಸೋನು ಒಬ್ಬ, ಮಾರಿಕೊಡೋನು ಇನ್ನೊಬ್ಬ, ಮಾರೋವರೆಗೂ ಮಾಲು ಕಳಿಸಿದವನದ್ದೇ. ಲೆಕ್ಚರರ್ ಬೋರ್ಡ್ ಮೇಲೆ ಬರೆಯೋವಾಗ ಇದು ಯಾವ ಕಾಲದ್ದಪ್ಪಾ ಅನ್ನಿಸ್ತಿತ್ತು. ಅಮೆರಿಕದ ನಾಣ್ಯ ಹರಾಜು ನಡೆಯೋದೇ ಹೀಗೆ. ಸಂಗ್ರಹಕಾರ ತನ್ನ ನಾಣ್ಯಗಳನ್ನ ಹರಾಜು ಕಂಪನಿಗೆ ಒಪ್ಪಿಸ್ತಾನೆ. ಅವರು ಫೋಟೋ ತೆಗೆದು, ಇತಿಹಾಸ ಬರೆದು, ಕ್ಯಾಟಲಾಗ್ ಮಾಡಿ, ಮಾರಿ, ತಮ್ಮ ಪಾಲು ಮುರ್ಕೊಂಡು ಉಳಿದದ್ದನ್ನ ಕೊಡ್ತಾರೆ. ಕೊಳ್ಳೋನೂ ಕೂಗಿದ ಬೆಲೆ ಮೇಲೆ ಶೇಕಡಾ ಇಷ್ಟು ಅಂತ ಕಂಪನಿಗೆ ಸೇರಿಸಿ ಕಟ್ಟಬೇಕು. ಅದಕ್ಕೆ ಬೈಯರ್ಸ್ ಪ್ರೀಮಿಯಂ ಅಂತಾರೆ. ತುಂಬಾ ದೊಡ್ಡ ಸಂಗ್ರಹ ಆದ್ರೆ ಎಷ್ಟೋ ಸಲ ಮಾರೋನ ಕಡೆಯ ಕಮಿಷನ್ನೇ ಬಿಟ್ಟುಬಿಡ್ತಾರೆ. ಅಂದ್ರೆ ಅಲ್ಲಿ ದುಡ್ಡು ಹರಿಯೋದು ಕೊಳ್ಳೋನ ಕಡೆಯಿಂದ. ನನ್ನ ಕೇಸಲ್ಲಿ ಉಲ್ಟಾ ಹರಿದಿತ್ತು.

ಇನ್ನೊಂದು ರಿಸರ್ವ್ ಪ್ರೈಸ್. ಇದಕ್ಕಿಂತ ಕಡಿಮೆಗೆ ಕೊಡಲ್ಲ ಅಂತ ಮಾರೋನು ಗುಟ್ಟಾಗಿ ಇಟ್ಟಿರೋ ಬೆಲೆ. ಇದರ ಒಂದು ಮಜಾ ಕಥೆ ಇದೆ. ಬ್ರೆಂಟ್ ಪೋಗ್ ಅನ್ನೋರ ಸಂಗ್ರಹ 2015ರಿಂದ ಹಲವು ಕಂತಿನಲ್ಲಿ ಹರಾಜಾಗಿ 100 ಮಿಲಿಯನ್ ಡಾಲರ್ ದಾಟಿತು. ಅದರಲ್ಲಿ 1804ರ ಒಂದು ಬೆಳ್ಳಿ ಡಾಲರ್ ಇತ್ತು. (1804 ಅಂತ ಬರ್ದಿದೆ ಅಷ್ಟೆ, ಹೊಡೆದದ್ದು 1834ರ ಸುಮಾರಿಗೆ, ಮಸ್ಕತ್‌ನ ಸುಲ್ತಾನರಿಗೆ, ಸಯಾಮಿನ ರಾಜನಿಗೆ ಉಡುಗೊರೆ ಕೊಡೋಕೆ.) 2016ರಲ್ಲಿ ಪ್ರೀಮಿಯಂ ಸೇರಿಸಿದ್ರೆ 10 ಮಿಲಿಯನ್ ಡಾಲರ್ ದಾಟೋ ಬಿಡ್ ಬಂತು. ರಿಸರ್ವ್ ಮುಟ್ಟಲಿಲ್ಲ, ಕೊಡಲಿಲ್ಲ. 2021ರಲ್ಲಿ ಅದೇ ನಾಣ್ಯ ಮತ್ತೆ ಹರಾಜಿಗೆ ಬಂದು 7.68 ಮಿಲಿಯನ್‌ಗೆ ಹೋಯ್ತು. ಸಂತೆಯಲ್ಲಿ ಮಧ್ಯಾಹ್ನದವರೆಗೂ ಕಾದು ಕೊನೆಗೆ ಟೊಮೇಟೊ ಬುಟ್ಟಿ ಅರ್ಧ ರೇಟಿಗೆ ಕೊಟ್ಟುಬರ್ತಾರಲ್ಲ, ಹಾಗೇ.

3/6

ಇಲ್ಲಿಂದ ನನಗೆ ನಿಜವಾಗಿ ತಲೆಕೆಟ್ಟಿದ್ದು. ನಾಣ್ಯಕ್ಕೆ ಬೆಲೆ ಬರೋದು ಲೋಹದಿಂದ ಅಲ್ಲ, ಹಳೇದು ಅನ್ನೋದ್ರಿಂದಲೂ ಅಲ್ಲ. ಜೊತೆಗೆ ಬರೋ ಮಾತಿನಿಂದ. ಇದು ಅಸಲಿ ಅಂತ ಯಾರು ಹೇಳಿದ್ರು, ಮೊದಲು ಯಾರ ಹತ್ರ ಇತ್ತು ಅನ್ನೋದು. ಬಾಲ್ಟಿಮೋರ್‌ನ ಲೂಯಿಸ್ ಎಲಿಯಾಸ್‌ಬರ್ಗ್ ಅಂತ ಒಬ್ಬರು 1950ರ ಹೊತ್ತಿಗೆ, ಆಗ ಗೊತ್ತಿದ್ದ ಅಮೆರಿಕದ ನಾಣ್ಯಗಳಲ್ಲಿ ಪ್ರತಿ ವರ್ಷದ, ಪ್ರತಿ ಟಂಕಸಾಲೆಯ ಒಂದೊಂದನ್ನ ಕೂಡಿಸಿಬಿಟ್ಟಿದ್ರು. ಅವರ ಸಂಗ್ರಹ ಮಾರಾಟ ಆಗಿ ಎಷ್ಟೋ ವರ್ಷ ಆದ್ರೂ, ಅದರಲ್ಲಿದ್ದ ನಾಣ್ಯ ಇವತ್ತು ಹರಾಜಿಗೆ ಬಂದ್ರೆ ಅವರ ಹೆಸರು ಜೊತೆಗೇ ಬರುತ್ತೆ. ಬೆಲೆನೂ ಏರುತ್ತೆ.

ಆ ಮಾತು ತಪ್ಪಾದ್ರೆ? 1913ರ ಲಿಬರ್ಟಿ ನಿಕಲ್ ಅಂತ ಐದು ಸೆಂಟಿನ ನಾಣ್ಯ ಜಗತ್ತಿನಲ್ಲಿ ಗೊತ್ತಿರೋದೇ ಐದು. ಅದರಲ್ಲಿ ಒಂದರ ಮಾಲೀಕ ಜಾರ್ಜ್ ವಾಲ್ಟನ್, 1962ರಲ್ಲಿ ನಾಣ್ಯ ಪ್ರದರ್ಶನಕ್ಕೆ ಹೋಗೋವಾಗ ಕಾರು ಅಪಘಾತದಲ್ಲಿ ತೀರಿಕೊಂಡ್ರು. ನಾಣ್ಯ ಸಿಕ್ಕಿತು, ಆದ್ರೆ ಪರೀಕ್ಷೆ ಮಾಡಿದವರು ಇಸವಿ ತಿದ್ದಿದ್ದಾರೆ, ನಕಲಿ ಅಂದ್ಬಿಟ್ರು. ಮನೆಯವರು ಎಸೀಲಿಲ್ಲ. ಅವರ ಸಹೋದರಿ ಬೀರುವಿನಲ್ಲಿ ಇಟ್ರು. 2003ರಲ್ಲಿ ಬಾಲ್ಟಿಮೋರ್‌ನಲ್ಲಿ ಉಳಿದ ನಾಲ್ಕೂ ನಾಣ್ಯ ಒಂದೇ ಕಡೆ ಪ್ರದರ್ಶನಕ್ಕೆ ಬಂದಾಗ ಇದನ್ನ ತಗೊಂಡುಹೋಗಿ ತೋರಿಸಿದ್ರು. ಪರಿಣತರು ಐದನ್ನೂ ಪಕ್ಕಪಕ್ಕ ಇಟ್ಟು ನೋಡಿ ಅಸಲಿ ಅಂದ್ರು. 2013ರಲ್ಲಿ ಅದು ಹೋಗಿದ್ದು 31,72,500 ಡಾಲರ್‌ಗೆ.

ಬೀರುವಿನಲ್ಲಿದ್ದ ನಲವತ್ತೊಂದು ವರ್ಷದಲ್ಲಿ ಆ ನಾಣ್ಯದಲ್ಲಿ ಏನೂ ಬದಲಾಗಿರ್ಲಿಲ್ಲ. ಅದರ ಬಗ್ಗೆ ಹೇಳೋ ಮಾತು ಬದಲಾಯ್ತು, ಅಷ್ಟೇ.

4/6

ಈಗ ಎಲ್ಲಕ್ಕಿಂತ ದುಬಾರಿ ನಾಣ್ಯಕ್ಕೆ ಬರ್ತೀನಿ. 1933ರ ಡಬಲ್ ಈಗಲ್. ಇಪ್ಪತ್ತು ಡಾಲರ್‌ನ ಚಿನ್ನದ ನಾಣ್ಯ, ಸುಮಾರು 33 ಗ್ರಾಂ, ಒಂದು ಕಡೆ ನಡೆದುಬರ್ತಿರೋ ಲಿಬರ್ಟಿ ದೇವಿ, ಇನ್ನೊಂದು ಕಡೆ ಹಾರೋ ಹದ್ದು.

ಆ ವರ್ಷ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗ್ತಿದ್ದವು, ಜನ ಚಿನ್ನ ಬಚ್ಚಿಡ್ತಿದ್ರು. ಏಪ್ರಿಲ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಆದೇಶ ಹೊರಡಿಸಿ, ಎಲ್ಲರೂ ಚಿನ್ನದ ನಾಣ್ಯ ವಾಪಸ್ ಮಾಡಿ ಅಂದ್ರು. (ಸಂಗ್ರಹಕಾರರ ಅಪರೂಪದ ನಾಣ್ಯಕ್ಕೆ ವಿನಾಯಿತಿ ಇತ್ತು.) ಫಿಲಡೆಲ್ಫಿಯಾ ಟಂಕಸಾಲೆ ಆ ವರ್ಷ 1933 ಅಂತ ಮುದ್ರೆ ಹಾಕಿ 4,45,500 ಡಬಲ್ ಈಗಲ್ ಮಾಡಿಟ್ಟಿತ್ತು. ಒಂದನ್ನೂ ಚಲಾವಣೆಗೆ ಬಿಡಲಿಲ್ಲ. ಎರಡನ್ನ ಸ್ಮಿತ್‌ಸೋನಿಯನ್ ಮ್ಯೂಸಿಯಂಗೆ ಕೊಟ್ಟು ಉಳಿದದ್ದನ್ನ ಕರಗಿಸಿಬಿಟ್ರು. ಆದ್ರೆ ಕೆಲವು ಒಳಗಿಂದಲೇ ಜಾರಿಕೊಂಡಿದ್ವು, ಇಸ್ರೇಲ್ ಸ್ವಿಟ್ ಅನ್ನೋ ಫಿಲಡೆಲ್ಫಿಯಾದ ಚಿನ್ನದ ವ್ಯಾಪಾರಿ ಕೈಗೆ.

ಅದರಲ್ಲೊಂದನ್ನ ಕೊಂಡದ್ದು ಈಜಿಪ್ಟಿನ ದೊರೆ ಫಾರೂಕ್. 1944ರ ಫೆಬ್ರವರಿಯಲ್ಲಿ ಅವರ ಕಡೆಯವರು ರೂಲ್ಸ್ ಪ್ರಕಾರ ಅರ್ಜಿ ಹಾಕಿದ್ರು, ದೇಶದಿಂದ ಹೊರಗೆ ಒಯ್ಯೋಕೆ ಲೈಸೆನ್ಸ್ ಕೊಡಿ ಅಂತ. ಕೊಟ್ಟೂಬಿಟ್ರು! ಕೆಲವೇ ವಾರದಲ್ಲಿ ನ್ಯೂಯಾರ್ಕ್‌ನ ಒಂದು ಹರಾಜಿನ ಜಾಹೀರಾತಲ್ಲಿ ಇನ್ನೊಂದು 1933 ಕಾಣಿಸ್ತು. ಪತ್ರಕರ್ತರೊಬ್ಬರು ಟಂಕಸಾಲೆಗೆ ಪ್ರಶ್ನೆ ಕಳಿಸಿದ್ರು, ಇದು ಹೊರಗೆ ಬಂದಿದ್ದು ಹೇಗೆ? ಆಗ ಸರ್ಕಾರಕ್ಕೆ ಎಚ್ಚರ ಆಯ್ತು. ಸೀಕ್ರೆಟ್ ಸರ್ವಿಸ್‌ನವರು ಒಬ್ಬೊಬ್ಬ ಸಂಗ್ರಹಕಾರರ ಮನೆ ಬಾಗಿಲಿಗೂ ಹೋಗಿ ಒಂಬತ್ತು ನಾಣ್ಯ ವಾಪಸ್ ಪಡೆದ್ರು. ಅವೂ ಕುಲುಮೆಗೆ ಹೋದವು. ಫಾರೂಕ್‌ದು ಮಾತ್ರ ಉಳಿದುಕೊಳ್ತು.

1952ರಲ್ಲಿ ಫಾರೂಕ್ ಸಿಂಹಾಸನ ಕಳ್ಕೊಂಡ್ರು. 1954ರಲ್ಲಿ ಕೈರೋದಲ್ಲಿ ಅವರ ಸಂಗ್ರಹ ಹರಾಜಿಗೆ ಬಂತು. ಅಮೆರಿಕ ಕೇಳಿಕೊಂಡಿದ್ದಕ್ಕೆ ಆ ನಾಣ್ಯವನ್ನ ಪಟ್ಟಿಯಿಂದ ತೆಗೆದ್ರು. ಆಮೇಲೆ ಅದು ನಾಪತ್ತೆ. 1996ರಲ್ಲಿ ನ್ಯೂಯಾರ್ಕ್‌ನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲ್‌ನಲ್ಲಿ ಬ್ರಿಟನ್ನಿನ ನಾಣ್ಯ ವ್ಯಾಪಾರಿ ಸ್ಟೀಫನ್ ಫೆಂಟನ್ ಒಂದು 1933 ಮಾರೋಕೆ ಬಂದಾಗ, ಎದುರು ಕೂತಿದ್ದ ಗಿರಾಕಿಗಳು ಸೀಕ್ರೆಟ್ ಸರ್ವಿಸ್‌ನವರು. ಇದು ಫಾರೂಕ್ ನಾಣ್ಯ, ಇದಕ್ಕೆ ನೀವೇ ಲೈಸೆನ್ಸ್ ಕೊಟ್ಟಿದ್ರಿ ಅಂತ ಅವರ ವಾದ. ಐದು ವರ್ಷ ಎಳೆದಾಡಿ 2001ರಲ್ಲಿ ರಾಜಿ ಆಯ್ತು: ಹರಾಜು ಹಾಕೋಣ, ಬಂದದ್ದನ್ನ ಸಮ ಹಂಚ್ಕೊಳ್ಳೋಣ. ಕೇಸು ನಡೆಯೋವಾಗ ಆ ನಾಣ್ಯ ಇದ್ದದ್ದು ವರ್ಲ್ಡ್ ಟ್ರೇಡ್ ಸೆಂಟರ್‌ನ ತಿಜೋರಿಯಲ್ಲಿ. ಅದನ್ನ ಫೋರ್ಟ್ ನಾಕ್ಸ್‌ಗೆ ಸಾಗಿಸಿದ್ದು 2001ರ ಜುಲೈನಲ್ಲಿ. ಸೆಪ್ಟೆಂಬರ್‌ನಲ್ಲಿ ಏನಾಯ್ತು ಅಂತ ನಿಮ್ಗೇ ಗೊತ್ತು.

5/6

2002ರ ಜುಲೈ 30. ಕೂಗಿದ ಬೆಲೆ 66 ಲಕ್ಷ ಡಾಲರ್. ಶೇಕಡಾ 15 ಪ್ರೀಮಿಯಂ, ಅಂದ್ರೆ 9,90,000. ಒಟ್ಟು 75,90,000. ಆದ್ರೆ ಕಟ್ಟಿದ್ದು 75,90,020.

ಆ ಕೊನೆಯ ಇಪ್ಪತ್ತು ಏನು ಹೇಳಿ? ಅದು ಆ ನಾಣ್ಯದ ಮುಖಬೆಲೆ. 1933ರಲ್ಲಿ ಸರ್ಕಾರ ಅದನ್ನ ಯಾರಿಗೂ ಕೊಟ್ಟೇ ಇರಲಿಲ್ವಲ್ಲ, ಹಾಗಾಗಿ ಲೆಕ್ಕದ ಪ್ರಕಾರ ಅದು ಹಣವೇ ಅಲ್ಲ, ಬರೀ ಚಿನ್ನದ ಬಿಲ್ಲೆ. ಇಪ್ಪತ್ತು ಡಾಲರ್ ಕಟ್ಟಿಸಿಕೊಂಡು, 69 ವರ್ಷ ತಡವಾಗಿ, ಅವತ್ತು ಅದನ್ನ ಹಣ ಮಾಡಿದ್ರು. ಇದನ್ನ ಓದಿ ನಾನು ಒಬ್ಬಳೇ ನಕ್ಕಿದ್ದೀನಿ. ಎಪ್ಪತ್ತೈದು ಲಕ್ಷ ಡಾಲರ್ ವ್ಯವಹಾರದಲ್ಲಿ ಇಪ್ಪತ್ತು ಡಾಲರ್‌ನ ಎಂಟ್ರಿ ಬಿಡದ ಆ ಅಕೌಂಟೆಂಟ್ ಯಾರೋ, ಅವರಿಗೊಂದು ನಮಸ್ಕಾರ.

ನಗು ಅಲ್ಲಿಗೇ ಮುಗೀತು. ಮರುವರ್ಷ ಇಸ್ರೇಲ್ ಸ್ವಿಟ್ ಮಗಳ ಮನೆಯವರು ಬ್ಯಾಂಕ್ ಲಾಕರ್ ತೆಗೆದಾಗ ಇನ್ನೂ ಹತ್ತು ನಾಣ್ಯ ಸಿಕ್ಕವು. ಅದೇ ವರ್ಷದ್ದು, ಅದೇ ಅಚ್ಚು, ಅದೇ ಚಿನ್ನ. ಅಸಲಿಯೋ ನೋಡಿಕೊಡಿ ಅಂತ 2004ರಲ್ಲಿ ಅವರೇ ಟಂಕಸಾಲೆಗೆ ಒಪ್ಪಿಸಿದ್ರು. ಟಂಕಸಾಲೆ ನೋಡ್ತು, ಅಸಲಿ ಅಂತು, ವಾಪಸ್ ಕೊಡಲಿಲ್ಲ. ಕದ್ದ ಮಾಲು, ಯಾವತ್ತೂ ಸರ್ಕಾರದ್ದೇ ಅಂತ. 2011ರಲ್ಲಿ ಜ್ಯೂರಿ ಸರ್ಕಾರದ ಪರ ತೀರ್ಪು ಕೊಡ್ತು. 2015ರಲ್ಲಿ ಮೇಲ್ಮನವಿಯ ಮೂರು ಜಡ್ಜ್‌ಗಳ ಪೀಠ ಬಹುಮತದಿಂದ ಕುಟುಂಬಕ್ಕೆ ವಾಪಸ್ ಕೊಡಿ ಅಂತು. 2016ರಲ್ಲಿ ಅದೇ ಕೋರ್ಟಿನ ಪೂರ್ಣ ಪೀಠ ಅದನ್ನ ತಿರುಗಿಸ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಕೇಸನ್ನ ಕೈಗೆತ್ತಿಕೊಳ್ಳಲೇ ಇಲ್ಲ.

ನನ್ನ ಪ್ರಕಾರ ಕೋರ್ಟ್ ಹೇಳಿದ್ದು ಸರಿ. ಕದ್ದದ್ದನ್ನ ಎಪ್ಪತ್ತು ವರ್ಷ ಲಾಕರ್‌ನಲ್ಲಿ ಇಟ್ರೆ ಸ್ವಂತದ್ದಾಗಲ್ಲ. ಆದ್ರೆ ಹಾಗಾದ್ರೆ ಫಾರೂಕ್ ನಾಣ್ಯ? ಅದೂ ಅದೇ ಬಾಗಿಲಿಂದ ಹೊರಗೆ ಬಂದದ್ದೇ. ವ್ಯತ್ಯಾಸ ಇಷ್ಟೇ, ಯಾವುದೋ ಆಫೀಸಲ್ಲಿ ಯಾರೋ ಸರಿಯಾಗಿ ನೋಡದೆ ಒಂದು ಲೈಸೆನ್ಸಿಗೆ ಸಹಿ ಹಾಕಿದ್ರು. ಆ ತಪ್ಪೇ ಇವತ್ತು ಅದರ ಬೆಲೆ. ಇದನ್ನ ಎಷ್ಟು ಸಲ ಯೋಚಿಸಿದ್ರೂ ನನಗೆ ಸಮಾಧಾನ ಆಗ್ತಿಲ್ಲ. ಲಾ ಓದ್ತಿರೋರು ಕಾಮೆಂಟಲ್ಲಿ ಜಗಳಕ್ಕೆ ಬನ್ನಿ.

6/6

ಒಂದು ಲೆಕ್ಕ ಮಾಡಿ ಮುಗಿಸ್ತೀನಿ. 2002ರಲ್ಲಿ ಅದನ್ನ ಕೊಂಡದ್ದು ಶೂ ಡಿಸೈನರ್ ಸ್ಟುವರ್ಟ್ ವೈಟ್ಸ್‌ಮನ್. 2021ರ ಜೂನ್ 8ರಂದು ಮತ್ತೆ ಹರಾಜಿಗಿಟ್ರು. ಹೋಗಿದ್ದು 1,88,72,250 ಡಾಲರ್‌ಗೆ. ಪೇಪರ್‌ಗಳೆಲ್ಲ ದಾಖಲೆ ಬೆಲೆ ಅಂತ ಬರೆದವು. ಕ್ಯಾಲ್ಕುಲೇಟರ್ ತಗೊಂಡು ಚಕ್ರಬಡ್ಡಿ ಹಾಕಿ ನೋಡಿ: ಹತ್ತೊಂಬತ್ತು ವರ್ಷಕ್ಕೆ ಎರಡೂವರೆ ಪಟ್ಟು, ಅಂದ್ರೆ ವರ್ಷಕ್ಕೆ ಶೇಕಡಾ 5 ಹತ್ರಹತ್ರ. ವಿಮೆ, ಕಾವಲು ಖರ್ಚು ಬೇರೆ. ಅದೇ ಅವಧಿಯಲ್ಲಿ ಮಾಮೂಲಿ ಚಿನ್ನ ಔನ್ಸ್‌ಗೆ ಸುಮಾರು 300 ಡಾಲರ್‌ನಿಂದ 1,900ರ ಆಸುಪಾಸಿಗೆ ಹೋಗಿತ್ತು. ಆರು ಪಟ್ಟು. ಜಗತ್ತಿನ ಅತಿ ದುಬಾರಿ ನಾಣ್ಯಕ್ಕಿಂತ, ಹೆಸರಿಲ್ಲದ ಚಿನ್ನದ ಗಟ್ಟಿ ಹೆಚ್ಚು ಬೆಳೀತು. ನಾನು ಮೂರು ಸಲ ಲೆಕ್ಕ ಹಾಕ್ದೆ, ತಪ್ಪಿಲ್ಲ.

ನಿನ್ನೆ ರಾತ್ರಿ ಅಜ್ಜಿಗೆ ಎಲ್ಲಾ ಹೇಳಿದೆ. ಮೊದಲು 1,850ರ ವಿಷಯ. ಅಜ್ಜಿ ಬೈಲಿಲ್ಲ, "ನನ್ನ ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವೇನೇ ಆ ನೋಟು, ಯಾಕೆ ಕದ್ದು ಫೋಟೋ ತೆಗ್ದೆ" ಅಂದ್ರು. ಅದು ಬೈದಿದ್ದಕ್ಕಿಂತ ಜಾಸ್ತಿ ನೋವಾಯ್ತು. ಆಮೇಲೆ ರಾಜನ ನಾಣ್ಯದ ಕಥೆ, ಲಾಕರ್‌ನ ಹತ್ತು ನಾಣ್ಯದ ಕಥೆ. ಅವರೆಕಾಳು ಹಿಸುಕ್ತಾ ಕೂತಿದ್ರು, ಕೈ ನಿಲ್ಲಿಸಿದ್ರು.

"ಆ ಹತ್ತೂ ವಾಪಸ್ ಕೊಡ್ಲೇ ಇಲ್ವಾ?"

"ಇಲ್ಲ ಅಜ್ಜಿ. ಫೋರ್ಟ್ ನಾಕ್ಸ್ ಅಂತ ಇದೆ, ಸರ್ಕಾರದ ಚಿನ್ನ ಇಡೋ ಜಾಗ, ಅಲ್ಲಿಗೆ ಸೇರಿಸಿದ್ರು."

"ಮತ್ತೆ ತಾವಾಗೇ ತಗೊಂಡೋಗಿ ಯಾಕೆ ತೋರಿಸಿದ್ರು ಪುಟ್ಟಿ?"

ಅಸಲಿ ಅಂತ ಬೇರೆ ಯಾರಾದ್ರೂ ಹೇಳ್ಬೇಕಿತ್ತಲ್ಲ ಅಜ್ಜಿ, ಅಂದೆ. ಅಜ್ಜಿ ಹೂಂ ಅಂದು ಕಾಳು ಹಿಸುಕೋದು ಮುಂದುವರಿಸಿದ್ರು. ನೋಟು ಕುಂಕುಮದ ಡಬ್ಬಿಗೆ ವಾಪಸ್ ಹೋಗಿದೆ. ಈ ಪೋಸ್ಟ್‌ಗೆ ಫೋಟೋ ತೆಗೆದದ್ದು ಅಜ್ಜಿಯನ್ನ ಕೇಳಿಯೇ.

#ಲೆಕ್ಕದಪುಸ್ತಕ #ಬಿಕಾಂ #ಹಳೇನಾಣ್ಯ