ಪೇಪರಿನ ಯಜಮಾನರು

ಫೆಬ್ರುವರಿ ಮುಗಿದ ಕೂಡಲೆ ಪತ್ರಿಕೆಗಳ ಒಳಪುಟದ ಮೂಲೆಯಲ್ಲಿ ‘ನಮೂನೆ 4’ ಎಂಬ ಪ್ರಕಟಣೆ ಬರುತ್ತಿತ್ತು. ಪ್ರಕಟವಾಗುವ ಸ್ಥಳ, ಮುದ್ರಕರು, ಪ್ರಕಾಶಕರು, ಸಂಪಾದಕರು, ಅವರ ರಾಷ್ಟ್ರೀಯತೆ, ಕಟ್ಟಕಡೆಗೆ ಮಾಲೀಕರು. ಕಾಯಿದೆ ಹೇಳುತ್ತದೆಂದು ಹಾಕುವುದು. ಯಾರೂ ಓದಲಾರರೆಂಬ ಧೈರ್ಯದಿಂದ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಕುವುದು. ಸಿದ್ದಾಪುರ ಸೀಮೆಯ ನಮ್ಮ ಅಜ್ಜ ಮಾತ್ರ ಓದುತ್ತಿದ್ದ. “ದುಡ್ಡು ಕೊಟ್ಟಿದ್ದು ಪೂರ್ತಿ ಪೇಪರಿಗೆ ತಮಾ, ಅರ್ಧ ಓದಿ ಬಿಡ್ಲಾಗ” ಎನ್ನುವುದು ಅವನ ಲೆಕ್ಕ.

ಮನೆಗೆ ಬರುತ್ತಿದ್ದದ್ದು ‘ಸಂಯುಕ್ತ ಕರ್ನಾಟಕ’. ರಾತ್ರಿ ಹುಬ್ಬಳ್ಳಿಯಲ್ಲಿ ಅಚ್ಚಾಗಿ ಬಸ್ಸು ಹತ್ತಿದ ಬಂಡಲು ನಮ್ಮ ಕ್ರಾಸಿನಲ್ಲಿ ಇಳಿಯುವ ಹೊತ್ತಿಗೆ ಎಷ್ಟೋ ದಿನ ಮಧ್ಯಾಹ್ನದ ಆಸರಿ ಆಗಿರುತ್ತಿತ್ತು. ಮಳೆಗಾಲದಲ್ಲಿ ಎಲ್ಲೋ ಮರ ಬಿದ್ದು ರಸ್ತೆ ಕಟ್ಟಿದರೆ ನಿನ್ನೆಯದೂ ಇವತ್ತಿನದೂ ಒಟ್ಟಿಗೆ ಬರುವುದು. ಆಗ ಅಜ್ಜ ಇವತ್ತಿನದನ್ನು ಮಡಿಕೆ ಬಿಚ್ಚದೆ ತೊಡೆಯಡಿ ಇಟ್ಟುಕೊಂಡು ನಿನ್ನೆಯದನ್ನು ಮೊದಲಿಂದ ಕೊನೆವರೆಗೆ ಓದಿ ಮುಗಿಸುವನು. ಸರ್ಕಾರ ಬಿದ್ದಿತೆಂದು ಪಕ್ಕದ ಮನೆಯವರು ದಣಪೆಯಾಚೆಯಿಂದ ಕೂಗಿ ಹೇಳಿದರೂ ಅವನ ಪಾಲಿಗೆ ಅದಿನ್ನೂ ಬಿದ್ದಿರುತ್ತಿರಲಿಲ್ಲ.

ಒಂದಕ್ಕೆ ಮಾತ್ರ ಈ ಸರದಿ ಇರಲಿಲ್ಲ: ಅಡಿಕೆ ಧಾರಣೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಪೇಟೆಯ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟುಗಳ ಮೇಲೆ ಬೆರಳು ಹರಿದಾಡಲೇಬೇಕು. ಅಟ್ಟದ ಮೇಲೆ ಮಾರುವ ಅಡಿಕೆ ಇರಲಿ, ಬಿಡಲಿ. ಯಲ್ಲಾಪುರದ ರಾಶಿಗೆ ನಮ್ಮದಕ್ಕಿಂತ ಹೆಚ್ಚು ಸಿಕ್ಕ ದಿನ ಕವಳದ ರುಚಿ ಕೆಡುತ್ತಿತ್ತು.

ಆ ಪತ್ರಿಕೆಯ ಯಜಮಾನಿಕೆ ಅಜ್ಜನಿಗೆ ಬಹಳ ಹೆಮ್ಮೆಯ ವಿಷಯ. ಮಾಲೀಕರು ಇಂಥ ಸಾಹುಕಾರರು ಅಂತಿಲ್ಲ, ಲೋಕಶಿಕ್ಷಣ ಟ್ರಸ್ಟು. ಅದರ ಹಿಂದೆ ರಂಗನಾಥ ದಿವಾಕರರು, ಧಾರವಾಡದಲ್ಲಿ 1921ರಲ್ಲಿ ‘ಕರ್ಮವೀರ’ ಹೊರಡಿಸಿದವರು. ಸಂಪಾದಕರಾಗಿ ಮೊಹರೆ ಹಣಮಂತರಾಯರು ಕೂತಿದ್ದ ಪತ್ರಿಕೆ. ಸಿದ್ದಾಪುರ, ಅಂಕೋಲೆಯವರು ಮೂವತ್ತರ ದಶಕದಲ್ಲಿ ಕರ ಕೊಡುವುದಿಲ್ಲವೆಂದು ಕೂತು ಮನೆ, ತೋಟ ಹರಾಜಾಗುವುದನ್ನು ಕಂಡವರು. ಅದೇ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದವರ ಪತ್ರಿಕೆ ಅಂದಮೇಲೆ ಅದು ನಮ್ಮದೇ ಎಂದು ಅಜ್ಜ ಯಾವ ಕಾಗದಪತ್ರವೂ ಇಲ್ಲದೆ ಖಾತೆ ಮಾಡಿಕೊಂಡಿದ್ದ.

ಈ ಟ್ರಸ್ಟಿನ ಹೆಸರಿನ ಖಟ್ಲೆಯೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಪತ್ರಿಕೆ ನಡೆಸುವುದು ಜನರಿಗೆ ಶಿಕ್ಷಣ ಕೊಡುವ ಕೆಲಸ, ಆದ್ದರಿಂದ ಆದಾಯ ತೆರಿಗೆ ಬೇಡ ಎಂಬುದು ಟ್ರಸ್ಟಿನ ವಾದ. ನ್ಯಾಯಾಲಯ 1975ರಲ್ಲಿ ಒಪ್ಪಲಿಲ್ಲ. ಕಾಯಿದೆ ಹೇಳುವ ಶಿಕ್ಷಣ ಅಂದರೆ ಶಾಲೆಯಂತೆ ಕ್ರಮವಾಗಿ ಕಲಿಸುವುದು. ಪೇಪರು ಓದಿದರೂ ಊರು ಸುತ್ತಿದರೂ ತಿಳಿವಳಿಕೆ ಬರುತ್ತದೆ, ಮೋಸಗಾರರೊಡನೆ ವ್ಯವಹರಿಸಿಯೂ ಬುದ್ಧಿ ಬರುತ್ತದೆ, ಅದೆಲ್ಲ ಇದರಲ್ಲಿ ಸೇರದು ಎಂಬುದು ತೀರ್ಪಿನ ತಾತ್ಪರ್ಯ. ಕಾನೂನಿನ ಮಟ್ಟಿಗೆ ಸರಿಯೇ ಇರಬೇಕು. ಆದರೆ ಅಜ್ಜ ಶಾಲೆಗೆ ಹೋದದ್ದು ಗಾಂವಠಿ ಮಾಸ್ತರರ ಬೆತ್ತ ಮುರಿಯುವವರೆಗೆ ಮಾತ್ರ. ಕಾಂಗೋ ಎಲ್ಲಿದೆ, ಕೊರಿಯ ಯಾಕೆ ಒಡೆಯಿತು ಎಂಬುದನ್ನೆಲ್ಲ ಜಗಲಿಯ ಮೇಲೆ ಪೇಪರಿನಿಂದಲೇ ಕಲಿತದ್ದು. ಮೋಸ ಹೋಗಿ ಕಲಿಯುವ ವಿದ್ಯೆಯನ್ನು ಒಬ್ಬ ಅಡಿಕೆ ದಲ್ಲಾಳಿ ಪುಕ್ಕಟೆ ಕಲಿಸಿದ್ದ.

ಅಪ್ಪಯ್ಯನ ಕಾಲಕ್ಕೆ ಜಗಲಿಗೆ ಬೇರೆ ಪತ್ರಿಕೆಗಳೂ ಬಂದವು. ಲಾರಿ ಉದ್ಯಮದ ವಿಜಯ ಸಂಕೇಶ್ವರರು 1999ರಲ್ಲಿ ‘ವಿಜಯ ಕರ್ನಾಟಕ’ ತಂದರು, 2006ರಲ್ಲಿ ಅದನ್ನು ಟೈಮ್ಸ್ ಬಳಗಕ್ಕೆ ಮಾರಿದರು, 2012ರಲ್ಲಿ ‘ವಿಜಯವಾಣಿ’ ಶುರುಮಾಡಿದರು. ಮಾರಾಟದ ಸುದ್ದಿ ಬಂದಾಗ ನೆರೆಮನೆಯ ಭಾವನಿಗೆ ನಿಜಕ್ಕೂ ಬೇಜಾರಾಯಿತು. ತೋಟ ಮಾರುವಾಗ ಪಕ್ಕದ ಹಿಸ್ಸೆದಾರನನ್ನು ಒಂದು ಮಾತು ಕೇಳುತ್ತಾರೆ. ದಿನಾ ದುಡ್ಡು ಕೊಟ್ಟು ಓದುವ ತನ್ನನ್ನು ಯಾರೂ ಕೇಳಲಿಲ್ಲ ಎಂಬುದು ಅವನ ತಕರಾರು. ನಾವು ನಕ್ಕೆವು. ಈಗ ನೆನೆದರೆ ಆ ತಕರಾರಿನಲ್ಲಿ ಹುರುಳಿತ್ತು.

ಶಿರಸಿಯಲ್ಲೇ ಅಚ್ಚಾಗುವ ‘ಲೋಕಧ್ವನಿ’, ‘ಜನಮಾಧ್ಯಮ’ಗಳ ಮಾತು ಬೇರೆ. ಅವುಗಳ ಮಾಲೀಕರು ಯಾರೆಂದು ಊರಲ್ಲಿ ಕೇಳಿದರೆ ಅರ್ಧ ಜನ ತಲೆ ಕೆರೆದುಕೊಂಡಾರು. ಆದರೆ ತಾಳಮದ್ದಳೆಯ ವರದಿಯಲ್ಲಿ ತಮ್ಮ ವಿದುರನ ಪಾತ್ರ ಬಿಟ್ಟುಹೋದರೆ ಬೆಳಿಗ್ಗೆಯೇ ಫೋನು ಮಾಡುತ್ತಾರೆ. ಭಾವಚಿತ್ರದಲ್ಲಿ ಹಿಂದೆ ನಿಂತವರು ತಮ್ಮ ಕಿವಿ ಕಾಣುತ್ತದೆಂದು ಕತ್ತರಿಸಿ ಇಡುತ್ತಾರೆ. ದೊಡ್ಡ ಪತ್ರಿಕೆಯಲ್ಲಿ ನಮ್ಮೂರ ಸಂಕ ಕೊಚ್ಚಿಹೋದದ್ದು ಎರಡು ಸಾಲು. ಇಲ್ಲಿ ಆ ಸಂಕ ದಾಟಿ ಶಾಲೆಗೆ ಹೋಗುತ್ತಿದ್ದ ಮಕ್ಕಳ ಫೋಟೊ ಸಹಿತ.

ನಮ್ಮ ಕೇರಿಯಲ್ಲಿ ಈಗ ಕೆಲವು ಮನೆಗಳಿಗೆ ಬೀಗ. ಮಕ್ಕಳು ಬೆಂಗಳೂರಿನಲ್ಲಿ ಮೊಬೈಲಿನಲ್ಲೇ ಧಾರಣೆ ನೋಡುತ್ತಾರೆ, ಆಯಿಗೆ ಫೋನು ಮಾಡಿ ಹೇಳುತ್ತಾರೆ. ಆಯಿಯ ಹತ್ತಿರ ಮಾರಲು ಅಡಿಕೆ ಇಲ್ಲ, ಕೇಳಿಸಿಕೊಳ್ಳುತ್ತಾಳೆ. ಪೇಪರು ಹಾಕುವ ಹುಡುಗನ ಚೀಲ ವರ್ಷದಿಂದ ವರ್ಷಕ್ಕೆ ಹಗುರಾಗುತ್ತಿದೆ.

ಆದ್ದರಿಂದ ಒಂದು ವಿನಂತಿ. ಊರಿನ ಪತ್ರಿಕೆಯ ಚಂದಾ ಬಾಕಿ ಇಟ್ಟುಕೊಂಡಿದ್ದರೆ ಈ ಸಲ ಪೇಟೆಗೆ ಹೋದಾಗ ಏಜೆಂಟರಿಗೆ ಕೊಟ್ಟು ಬನ್ನಿ. ಪಕ್ಕದ ಮನೆಯದನ್ನೇ ಓದಿಕೊಂಡು ಬಂದವರಾದರೆ, ನಿಮ್ಮ ಹೆಸರಿಗೂ ಒಂದು ಹಾಕಿಸಿ.