ಅಡ್ಕದಲ್ಲಿ ಉಸಿರು, ಗುಡ್ಡೆಯಲ್ಲಿ ಬೆವರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಸಮರ್ಥರಿದ್ದಾರೆಂದು ಮೊದಲೇ ಅರಿಕೆ ಮಾಡಿಕೊಂಡೆ. ಆದರೆ ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಕೆಲವು ಹಳೆಯ ವಿದ್ಯಾರ್ಥಿಗಳು ಈಚೆಗೆ ರಜೆಯಲ್ಲಿ ಊರಿಗೆ ಬರುವಾಗ ಇಪ್ಪತ್ತು ಗಿಯರುಗಳ ಸೈಕಲನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಬರುತ್ತಾರೆ. 'ಮಾಸ್ಟ್ರೇ, ನೀವು ಹಿಂದೆ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದ ದಾರಿಗಳನ್ನು ಬರೆದುಕೊಡಿ' ಎಂದು ಅವರು ಪೀಡಿಸುತ್ತಿದ್ದುದರಿಂದ, ಎರಡೂ ಕೋರಿಕೆಗಳನ್ನು ಒಂದೇ ಲೇಖನದಲ್ಲಿ ಸಲ್ಲಿಸುವುದು ಸೂಕ್ತವೆಂದು ತೋರಿತು.

ಕಾಸರಗೋಡು ಗುಡ್ಡಗಳ ನಾಡು. ಮಡಿಕೇರಿಯಂತೆ, ಊಟಿಯಂತೆ ಒಂದೇ ಸಮನೆ ಏರಿ ಎತ್ತರದಲ್ಲಿ ನಿಲ್ಲುವ ಬೆಟ್ಟ ಇಲ್ಲಿಲ್ಲ. ಮುರಕಲ್ಲಿನ ಗುಡ್ಡ, ಅದರ ಬುಡದಲ್ಲಿ ಅಡಿಕೆ ತೋಟ, ಮತ್ತೆ ಗುಡ್ಡ, ಮತ್ತೆ ತೋಟ. ಕಡಲಿನ ಅಲೆಗಳೇ ಹೆಪ್ಪುಗಟ್ಟಿ ನೆಲವಾದಂತಿದೆ. ಕಾರಿನಲ್ಲಿ ಕುಳಿತವರಿಗೆ ಇದು ತಿಳಿಯದು, ತಿಳಿಯುವುದು ಮೊಣಕಾಲಿಗೆ. ನಾನು 1976ರಲ್ಲಿ ಈ ಶಾಲೆಗೆ ಅಧ್ಯಾಪಕನಾಗಿ ಬಂದಾಗ ನನ್ನಲ್ಲಿದ್ದುದು ಗಿಯರೆಂಬುದೇ ಇಲ್ಲದ ಕರಿಯ ಹರ್ಕ್ಯುಲಿಸ್ ಸೈಕಲು. ಏರಿನಲ್ಲಿ ಅದನ್ನು ನಾನು ಹೊರುತ್ತಿದ್ದೆ, ಇಳಿಜಾರಿನಲ್ಲಿ ಅದು ನನ್ನನ್ನು ಹೊರುತ್ತಿತ್ತು. ಮಕ್ಕಳೋ ಗಂಟೆಗೆ ನಾಲ್ಕಾಣೆಯ ಬಾಡಿಗೆ ಸೈಕಲುಗಳಲ್ಲಿ, ಒಂದೊಂದರಲ್ಲಿ ಇಬ್ಬಿಬ್ಬರಂತೆ.

ಆ ಭಾನುವಾರದ ಪ್ರವಾಸಗಳಲ್ಲಿ ನಮ್ಮ ಕೈಯಲ್ಲಿ ಭೂಪಟವಿರಲಿಲ್ಲ. ಊರಿನ ಹೆಸರುಗಳೇ ನಮಗೆ ಭೂಪಟ. ತುಳುವಿನಲ್ಲಿಯೂ ನಮ್ಮ ಕರಾವಳಿಯ ಕನ್ನಡದಲ್ಲಿಯೂ 'ಅಡ್ಕ' ಎಂದರೆ ಸಾಗುವಳಿಯಿಲ್ಲದ ಹರವಾದ ಬಯಲು. 'ಪದವು' ಎಂದರೆ ಗುಡ್ಡದ ನೆತ್ತಿಯ ಮೇಲಿನ ವಿಶಾಲವಾದ ತಟ್ಟು. 'ಕಾನ' ಎಂದರೆ ನೀರು ನೆರಳಿರುವ ಕಾಡು. 'ಬೈಲು' ಎಂದರೆ ಗುಡ್ಡಗಳ ನಡುವಣ ಗದ್ದೆಯ ತಗ್ಗು. ಆದುದರಿಂದ ಮುಂದಿನ ಊರು ಅಡ್ಕವಾದರೆ ಸೈಕಲು ಸವಾರನು ಅಲ್ಲಿಯವರೆಗೆ ದಮ್ಮು ಕಟ್ಟಬೇಕು, ತಲುಪಿದ ಮೇಲೆ ಉಸಿರಾಡಬಹುದು. ಬೈಲಾದರೆ ಬ್ರೇಕು ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. ಕಟ್ಟೆಯಾದರೆ ಮರವೂ ನೆರಳೂ ಇದ್ದೀತು. ಎಲ್ಲ ಅಡ್ಕಗಳಲ್ಲಿಯೂ ರಸ್ತೆ ಸಮತಟ್ಟಾಗಿದೆಯೆಂದು ಯಾರೂ ನನ್ನ ಮೇಲೆ ದಾವೆ ಹೂಡಬಾರದು. ರಸ್ತೆ ಮಾಡಿದವರು ಹೆಸರನ್ನು ಕೇಳಿ ಮಾಡಿದವರಲ್ಲ.

ಚೆರ್ಕಳದಿಂದ ಬದಿಯಡ್ಕ, ಪೆರ್ಲಗಳ ಮೂಲಕ ಗಡಿಯ ಅಡ್ಕಸ್ಥಳಕ್ಕೆ ಹೋಗುವ ದಾರಿಯನ್ನು ನಾನು ಮೊದಲಿಗೆ ಹೇಳುತ್ತೇನೆ. ಮೂವತ್ತು ಕಿಲೋಮೀಟರಿನಷ್ಟು ಇರುವ ಈ ಮಾರ್ಗವು ಮುಂದೆ ವಿಟ್ಲದ ಮೇಲಾಗಿ ಕಲ್ಲಡ್ಕವನ್ನು ಸೇರುತ್ತದೆ. ಹೊರಟ ಸ್ವಲ್ಪ ಹೊತ್ತಿಗೆ ಎಡನೀರು. ಯಕ್ಷಗಾನ ಪ್ರಿಯರಿಗೆ ಈ ಮಠದ ಹೆಸರನ್ನು ಹೇಳಬೇಕಾಗಿಲ್ಲ. ಆದರೆ ದೇಶದ ಕಾನೂನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಲ್ಲಿಯ ಸ್ವಾಮಿಗಳ ಹೆಸರನ್ನು ಬಾಯಿಪಾಠ ಮಾಡುತ್ತಾನೆಂಬುದನ್ನು ನಮ್ಮ ಮಕ್ಕಳಿಗೆ ನಾನು ಮಠದ ಎದುರು ಸೈಕಲು ನಿಲ್ಲಿಸಿಯೇ ಹೇಳುತ್ತಿದ್ದೆ. ಕೇರಳದ ಭೂಸುಧಾರಣಾ ಕಾಯಿದೆಯನ್ನು ಪ್ರಶ್ನಿಸಿ ಶ್ರೀ ಕೇಶವಾನಂದ ಭಾರತಿಯವರು 1970ರಲ್ಲಿ ಹೂಡಿದ ದಾವೆಯನ್ನು ಹದಿಮೂರು ನ್ಯಾಯಮೂರ್ತಿಗಳ ಪೀಠ ಕೇಳಿತು. 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸಲಾಗದೆಂಬ ತೀರ್ಪು ಬಂದಿತು. ಸ್ವಾಮಿಗಳು 2020ರ ಸೆಪ್ಟೆಂಬರಿನಲ್ಲಿ ಬ್ರಹ್ಮೈಕ್ಯರಾದರು.

ಎಡನೀರಿನಿಂದ ಮುಂದೆ ನೆಲ್ಲಿಕಟ್ಟೆ. ಅಲ್ಲಿಂದ ಏರಿಳಿದು ಬದಿಯಡ್ಕಕ್ಕೆ ಬಂದರೆ ಪಕ್ಕದಲ್ಲಿಯೇ ಪೆರಡಾಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಪಾಠ ಹೇಳಿದ ನವಜೀವನ ಶಾಲೆ ಅಲ್ಲಿದೆ. ನೂರು ವರ್ಷ ತುಂಬಿಸಿ 2015ರಲ್ಲಿ ತೀರಿಕೊಂಡ ಆ ಹಿರಿಯರು ಗದ್ದೆಯ ಕೆಸರಿಗೂ ಹೋರಾಟಕ್ಕೂ ಸಮನಾಗಿ ಇಳಿದವರು. ಬದಿಯಡ್ಕ ದಾಟಿ ಉಕ್ಕಿನಡ್ಕದ ಏರು ಈ ದಾರಿಯ ನಿಜವಾದ ಪರೀಕ್ಷೆ. ಹಿಂದೆ ಅಲ್ಲಿ ಕಣ್ಣು ಹರಿಯುವಷ್ಟು ದೂರ ಪಾರೆಯೇ ಇತ್ತು. ಮಳೆ ಹಿಂಜರಿಯುವ ಸೆಪ್ಟೆಂಬರ್ ವೇಳೆಗೆ ಕಲ್ಲಿನ ಸಂದಿನ ನೀರಿನಲ್ಲಿ ನೀಲಿ, ಬಿಳಿಯ ಪುಟ್ಟ ಹೂಗಳು ಹಾಸುತ್ತಿದ್ದವು. ಈಗ ಅಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡಗಳಿವೆ. ಅದು ಬೇಕಾದದ್ದೇ, 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮಂಗಳೂರಿನ ದಾರಿ ಮುಚ್ಚಿದಾಗ ಇಲ್ಲಿಯ ರೋಗಿಗಳ ಪಾಡೇನಾಯಿತೆಂಬುದನ್ನು ಕಂಡವರು ಹೂಗಳಿಗಾಗಿ ಮರುಗಲಾರರು.

ಪೆರ್ಲದಿಂದ ಸ್ವರ್ಗಕ್ಕೆ ಕವಲೊಡೆಯುವ ದಾರಿಯೊಂದಿದೆ. ಸೈಕಲು ತುಳಿದೇ ಸ್ವರ್ಗ ಸೇರಬಹುದೆಂಬ ನಗೆಮಾತು ನಮ್ಮ ಮಕ್ಕಳಲ್ಲಿ ಬಳಕೆಯಲ್ಲಿತ್ತು. ಎಣ್ಮಕಜೆ ಪಂಚಾಯತಿನ ಈ ಭಾಗದ ಗುಡ್ಡಗಳಲ್ಲಿ ಜನರು ನೀರಿಗಾಗಿ ಬಾವಿಯನ್ನು ಕೆಳಕ್ಕೆ ತೋಡದೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದಿದ್ದಾರೆ. ಒಬ್ಬ ಮನುಷ್ಯ ಬಗ್ಗಿ ನುಗ್ಗುವಷ್ಟೇ ಅಗಲ. ಒಳಗೆ ಹೋಗುವವನು ಮೋಂಬತ್ತಿ ಹಚ್ಚಿಕೊಳ್ಳುತ್ತಾನೆ. ಬೆಳಕಿಗಾಗಿ ಮಾತ್ರವಲ್ಲ, ದೀಪ ಕಳೆಗುಂದಿದರೆ ಗಾಳಿ ಸಾಲದೆಂಬ ಸೂಚನೆ. ಬಿಸಿಲಿನಲ್ಲಿ ತುಳಿದು ಬಂದ ಮಕ್ಕಳಿಗೆ ಒಂದು ಮನೆಯವರು ಅಂಗಳಕ್ಕೆ ಅಡಿಕೆ ಮರದ ದಂಬೆಯಲ್ಲಿ ಹರಿದು ಬರುತ್ತಿದ್ದ ಸುರಂಗದ ನೀರನ್ನು ತಂಬಿಗೆ ತಂಬಿಗೆಯಾಗಿ ಕೊಟ್ಟುದು ನನಗೆ ನೆನಪಿದೆ. ಅಂಥ ಸವಿನೀರನ್ನು ಆಮೇಲೆ ನಾನು ಕುಡಿದಿಲ್ಲ. ಅದೇ ಗುಡ್ಡಗಳ ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚುತ್ತಿದ್ದರು. 2000ದ ಹೊತ್ತಿಗೆ ಅದು ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲಿಯೇ ತಡೆಹಿಡಿಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದಿತು. ಹಾಸಿಗೆ ಬಿಟ್ಟೇಳದ ಮಕ್ಕಳಿರುವ ಮನೆಗಳ ಮುಂದೆಯೇ ಆ ದಾರಿ ಹಾದು ಹೋಗುತ್ತದೆ. ಸ್ವರ್ಗದ ನಗೆಮಾತನ್ನು ನಾನು ಆಮೇಲೆ ಆಡಲಿಲ್ಲ. ಮುಂದೆ ಗಡಿ ದಾಟಿದರೆ ಆರ್ಲಪದವು. ನೋಡಿ, ಅಲ್ಲಿಯೂ ಪದವು. ಗಡಿಗಲ್ಲು ಹಾಕಿದವರಿಗೆ ಗೊತ್ತಿರದಿದ್ದರೂ ಹೆಸರುಗಳಿಗೆ ಗೊತ್ತಿದೆ, ನೆಲ ಒಂದೇ ಎಂದು.

ಎರಡನೆಯ ದಾರಿ ಕುಂಬಳೆಯಿಂದ. ಪಾರ್ತಿಸುಬ್ಬನ ಊರಿಗೆ ನಮಸ್ಕರಿಸಿ ಪೂರ್ವಕ್ಕೆ ತಿರುಗಿ ನಾಯ್ಕಾಪಿನ ಬಳಿ ಅನಂತಪುರಕ್ಕೆ ಹೊರಳಬೇಕು. ಪಾರೆಯ ನಡುವೆ ಕೆರೆ, ಕೆರೆಯ ನಡುವೆ ಗುಡಿ. ಎಲ್ಲರೂ ಕಂಡಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಿತು; ಮರುವರ್ಷವೇ ಇನ್ನೊಂದು ಮರಿ ಮೊಸಳೆ ಕೆರೆಯಲ್ಲಿ ಕಾಣಿಸಿಕೊಂಡಿತು. ಮರಳಿ ಮುಖ್ಯ ರಸ್ತೆಗೆ ಬಂದರೆ ಸೀತಾಂಗೋಳಿ, ನೀರ್ಚಾಲು, ಬದಿಯಡ್ಕ. ಮೂರನೆಯದು ಚೆರ್ಕಳದಿಂದ ಪೊವ್ವಲಿನ ಹಳೆಯ ಮುರಕಲ್ಲಿನ ಕೋಟೆ, ಬೋವಿಕ್ಕಾನ, ಮುಳ್ಳೇರಿಯಗಳ ಮೂಲಕ ಆದೂರಿಗೆ. ಬೇಕಲದಲ್ಲಿ ಕೆಳದಿಯ ಶಿವಪ್ಪ ನಾಯಕನ ಕೋಟೆಯಿದೆಯಲ್ಲ ಎನ್ನುವಿರಿ. ಇದೆ, ಆದರೆ ಅಗಲಗೊಂಡ ರಾಷ್ಟ್ರೀಯ ಹೆದ್ದಾರಿಯಲ್ಲಿ ಸೈಕಲು ತುಳಿಯಲು ನಾನು ಯಾರಿಗೂ ಹೇಳಲಾರೆ. ಕಾಲ ನವೆಂಬರಿನಿಂದ ಜನವರಿಯವರೆಗೆ. ಮಳೆಗಾಲದಲ್ಲಿ ಮುರಕಲ್ಲಿನ ಮೇಲೆ ಪಾಚಿ ಬೆಳೆದು ಚಕ್ರ ಜಾರುತ್ತದೆ.

ದಾರಿಗಳನ್ನು ಬರೆದುದಾಯಿತು. ಇನ್ನು ಈ ವಯಸ್ಸಿನಲ್ಲಿ ನನ್ನ ನಿದ್ದೆ ಕೆಡಿಸುವ ಸಂಗತಿ. ಹೋದ ವರ್ಷ ಶಾಲಾ ದಿನಾಚರಣೆಗೆ ಅತಿಥಿಯಾಗಿ ಹೋಗಿದ್ದಾಗ ಏಳನೆಯ ತರಗತಿಯಲ್ಲಿ, 'ಉಕ್ಕಿನಡ್ಕ ಎಂಬುದರಲ್ಲಿ ಅಡ್ಕ ಎಂದರೇನು?' ಎಂದು ಕೇಳಿದೆ. ಸ್ವಲ್ಪ ಹೊತ್ತಿನ ಮೌನದ ಬಳಿಕ ಒಬ್ಬ ಹುಡುಗ ಎದ್ದು, 'ಬಸ್ ಸ್ಟಾಪು ಸಾರ್' ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಅವನು ಆ ಹೆಸರನ್ನು ಕಂಡುದು ಬಸ್ಸಿನ ಫಲಕದಲ್ಲಿ ಮಾತ್ರ. ಅಲ್ಲಿ ಅದು ಮಲಯಾಳದಲ್ಲಿ 'ಅಡುಕ್ಕ' ಎಂದಿರುತ್ತದೆ, ಬದಿಯಡ್ಕವು 'ಬದಿಯಡುಕ್ಕ' ಆಗಿರುತ್ತದೆ. ಒತ್ತಕ್ಷರ ಬಿಡಿಸಿಕೊಂಡ ಕೂಡಲೇ ಒಳಗಿನ ಬಯಲು ಕಾಣದಾಗುತ್ತದೆ. ಇದರಲ್ಲಿ ಮಲಯಾಳಿ ಬಾಂಧವರ ದುರುದ್ದೇಶವನ್ನು ನಾನು ಹುಡುಕುವುದಿಲ್ಲ, ಪ್ರತಿ ನಾಲಗೆಗೂ ಅದರದೇ ಹದವಿದೆ. ಬೆಂಗಳೂರಿನ ನಮ್ಮವರೂ ಇಂಗ್ಲಿಷಿನಿಂದ ಓದಿ 'ಬಡಿಯಡ್ಕ' ಎಂದು ಬರೆಯುವುದನ್ನು ಕಂಡಿದ್ದೇನೆ. 2021ರ ಜೂನ್ ತಿಂಗಳಿನಲ್ಲಿ ಇಲ್ಲಿಯ ಊರುಗಳ ಕನ್ನಡ, ತುಳು ಹೆಸರುಗಳನ್ನು ಬದಲಿಸುತ್ತಾರೆಂಬ ಸುದ್ದಿ ಹಬ್ಬಿ ದೊಡ್ಡ ಗದ್ದಲವಾಯಿತು; ಅಂತಹ ಪ್ರಸ್ತಾವವೇ ಇಲ್ಲವೆಂದು ಕೇರಳ ಸರಕಾರ ತಿಳಿಸಿತು. ನಾನು ನಂಬುತ್ತೇನೆ. ಆದರೆ ಹೆಸರು ಸವೆಯಲು ಆದೇಶವೇ ಬೇಕೆಂದಿಲ್ಲ. 1956ರ ನವೆಂಬರ್ ಒಂದರಂದು ನಾವು ಕೇರಳಕ್ಕೆ ಸೇರಿದಾಗ ನಾನು ಆರು ವರ್ಷದ ಬಾಲಕ. ಅಂದಿನಿಂದ ನಾವು ಶಾಲೆಗಾಗಿ, ಪಠ್ಯಪುಸ್ತಕಕ್ಕಾಗಿ, ಅರ್ಜಿ ನಮೂನೆಗಾಗಿ ಮನವಿ ಕೊಡುತ್ತ ಬಂದಿದ್ದೇವೆ. ಮನೆಯ ಹಿಂದಿನ ಪದವನ್ನು ಪದವು ಎಂದು ಮಗುವಿಗೆ ತೋರಿಸಿಕೊಡಲು ಯಾವ ಕಚೇರಿಗೂ ಮನವಿ ಕೊಡಬೇಕಾಗಿಲ್ಲ. ಅದಕ್ಕೆ ಮಗುವಿನ ಜೊತೆ ಆ ಗುಡ್ಡ ಹತ್ತಬೇಕು, ಅಷ್ಟೇ.

ನಮ್ಮ ಪ್ರವಾಸಗಳಲ್ಲಿ ಮಕ್ಕಳು ಕೇಳಿ ತಿಳಿದ ಹೆಸರುಗಳನ್ನು, ದೊಡ್ಡ ಊರುಗಳದು ಮಾತ್ರವಲ್ಲ, ತಿರುವಿನದು, ತೋಡಿನದು, ಮನೆ ಹಿತ್ತಿಲಿನದು, ಅರ್ಥದೊಂದಿಗೆ ಒಂದು ಉದ್ದದ ನೋಟು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ನಿವೃತ್ತನಾಗುವಾಗ, 2005ರಲ್ಲಿ, ಅದನ್ನು ಮನೆಗೆ ಒಯ್ದಿದ್ದೆ. ಈ ಉತ್ಸವದ ಸಂದರ್ಭದಲ್ಲಿ ಶಾಲೆಯ ವಾಚನಾಲಯಕ್ಕೆ ಒಪ್ಪಿಸಿದ್ದೇನೆ. ಚೆರ್ಕಳದಿಂದ ಅಡ್ಕಸ್ಥಳದವರೆಗಿನದು ಬಹುಮಟ್ಟಿಗೆ ಪೂರ್ತಿಯಾಗಿದೆ. ಮುಳ್ಳೇರಿಯದಿಂದ ಬೆಳ್ಳೂರು, ಕಿನ್ನಿಂಗಾರಿನ ಕಡೆಗಿನ ದಾರಿಯ ಪುಟಗಳು ಖಾಲಿಯಿವೆ. ಗಿಯರಿನ ಸೈಕಲುಳ್ಳವರು ಬರುವ ಡಿಸೆಂಬರಿನಲ್ಲಿ ಆ ಕಡೆಗೆ ಹೋಗುವುದಾದರೆ ವಾಚನಾಲಯದ ಕಪಾಟಿನ ಎರಡನೆಯ ಹಲಗೆಯಲ್ಲಿ ಪುಸ್ತಕವಿದೆ. ಪೆನ್ನನ್ನೂ ಜೊತೆಗೆ ಕಟ್ಟಿಟ್ಟಿದ್ದೇನೆ.